ಬೈಕಿಗೆ ಯಾವ ಬ್ರೇಕ್ ಪ್ಯಾಡ್ ಹಾಕಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಕೆಎ 25, ಕೆಎ 63 ಗಾಡಿಗಳೇ ಜಾಸ್ತಿ. ಗದಗಿನ 26, ಹಾವೇರಿಯ 27 ಕೂಡ ಬರುತ್ತವೆ. ದಿನಕ್ಕೆ ಒಬ್ಬರಾದರೂ ಬಂದು ಕೇಳುವ ಮಾತು: "ಅಣ್ಣಾರ, ಬ್ರೇಕ್ ಹಿಡಿವಲ್ದ್ರಿ. ಯಾವ ಪ್ಯಾಡ್ ಹಾಕಸೂಣು?" ನಾನು ಕೂಡಲೇ ಕಂಪನಿ ಹೆಸರು ಹೇಳುವುದಿಲ್ಲ. ಮೊದಲು ಹಳೇ ಪ್ಯಾಡ್ ಬಿಚ್ಚಿ ಅವರ ಕೈಗೆ ಕೊಡುತ್ತೇನೆ. ಗಾಡಿ ಹೇಗೆ ಓಡಿದೆ, ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ) ಯಾವ ಸ್ಥಿತಿಯಲ್ಲಿದೆ, ಮುಂದೆ ಎಂಥ ಪ್ಯಾಡ್ ಬೇಕು ಅನ್ನುವುದನ್ನು ಆ ಸವೆದ ತುಂಡೇ ಹೇಳುತ್ತದೆ. ಕೆಳಗಿನ ಉತ್ತರಗಳೆಲ್ಲ ಹಾಗೆ ನೋಡಿ ನೋಡಿ ಕಲಿತವು.

ಪ್ಯಾಡ್ ಸವೆದಿದೆಯಾ ಅಂತ ಬಿಚ್ಚದೆ ಹೇಗೆ ನೋಡಲಿ?

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮೊಬೈಲ್ ಟಾರ್ಚ್ ಹಚ್ಚಿ ಕ್ಯಾಲಿಪರ್ ಸಂದಿಯಲ್ಲಿ ಬೆಳಕು ಬಿಡಿ. ನಡುವೆ ಡಿಸ್ಕ್ ಕಾಣುತ್ತದೆ. ಅದರ ಎರಡೂ ಬದಿಗೆ ಡಿಸ್ಕಿಗೆ ಉಜ್ಜುವ ಕಪ್ಪು ಅಥವಾ ಕಂದು ಬಣ್ಣದ ಲೈನಿಂಗ್, ಅದರ ಬೆನ್ನಿಗೆ ಕಬ್ಬಿಣದ ಪ್ಲೇಟ್. ಲೆಕ್ಕಕ್ಕೆ ಬರುವುದು ಲೈನಿಂಗ್ ಮಾತ್ರ. ಪ್ಲೇಟನ್ನೂ ಸೇರಿಸಿ ನೋಡಿ "ಇನ್ನೂ ಬೇಕಾದಷ್ಟಿದೆ" ಅಂದುಕೊಳ್ಳುವವರು ಬಹಳ ಜನ.

ಲೈನಿಂಗ್ ಮೇಲೆ ಸಾಮಾನ್ಯವಾಗಿ ಒಂದು ಗೀರು ಇರುತ್ತದೆ. ಆ ಗೀರು ಅಳಿಸಿಹೋಗಿದ್ದರೆ ಪ್ಯಾಡ್ ಮುಗಿದಿದೆ. ಮೊದಲಿಂದಲೂ ಗೀರೇ ಇಲ್ಲದ ಪ್ಯಾಡಾದರೆ ಒಂದು ರೂಪಾಯಿ ನಾಣ್ಯವನ್ನು ಪಕ್ಕಕ್ಕೆ ಹಿಡಿದು ಕಣ್ಣಳತೆ ಮಾಡಿ. ನಾಣ್ಯದ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ಲೈನಿಂಗ್ ಅಷ್ಟಕ್ಕೆ ಬಂದಿದ್ದರೆ ಈ ವಾರವೇ ಬದಲಿಸಿ. ಎರಡು ಮಿಲಿಮೀಟರ್ ಇದ್ದಾಗಲೇ ಬದಲಿಸಿದರೆ ಇನ್ನೂ ಒಳ್ಳೆಯದು.

ಹೊರಗಿನ ಪ್ಯಾಡ್ ನೋಡಿ ಸುಮ್ಮನಾಗಬೇಡಿ. ಚಕ್ರದ ಕಡೆ ಇರುವ ಒಳಗಿನ ಪ್ಯಾಡ್ ಎಷ್ಟೋ ಸಲ ಮೊದಲು ಸವೆದಿರುತ್ತದೆ.

ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು?

ಕಿಲೋಮೀಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಷ್ಟು ಸಲ ಬ್ರೇಕ್ ಹಿಡಿದಿರಿ ಅನ್ನುವುದೇ ಲೆಕ್ಕ. ಗದಗಿಗೆ ಹೆದ್ದಾರಿಯಲ್ಲಿ ದಿನಾ ಹೋಗಿ ಬರುವವರು ನೂರು ಕಿಲೋಮೀಟರಿಗೂ ಮೇಲೆ ಓಡಿಸುತ್ತಾರೆ, ಆದರೆ ಬ್ರೇಕ್ ಹಿಡಿಯುವುದು ಕಡಿಮೆ. ದುರ್ಗದಬೈಲು, ಕೊಪ್ಪಿಕರ್ ರಸ್ತೆ, ಸ್ಟೇಷನ್ ರಸ್ತೆಯಲ್ಲೇ ಸುತ್ತುವ ಡೆಲಿವರಿ ಹುಡುಗ ಮೂವತ್ತು ಕಿಲೋಮೀಟರಿನಲ್ಲಿ ಮುನ್ನೂರು ಸಲ ಹಿಡಿಯುತ್ತಾನೆ. ಇಬ್ಬರದೂ ಒಂದೇ ಗಾಡಿ, ಒಂದೇ ಪ್ಯಾಡ್ ಆದರೂ ಒಬ್ಬರದು ಎರಡು ವರ್ಷ ಬಂದರೆ ಇನ್ನೊಬ್ಬರದು ಆರೇ ತಿಂಗಳು. ಹಾಗಾಗಿ ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡುವ ರೂಢಿ ಇಟ್ಟುಕೊಳ್ಳಿ.

ಬ್ರೇಕ್ ಆಯಿಲ್ ಕಡಿಮೆ ಆಗಿದೆ. ತುಂಬಿಸಿದರೆ ಸಾಕಲ್ವಾ?

ತುಂಬಿಸುವ ಮೊದಲು ಪ್ಯಾಡ್ ನೋಡಿ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ. ಆ ಖಾಲಿ ಜಾಗಕ್ಕೆ ಮೇಲಿನ ಡಬ್ಬಿಯ ಆಯಿಲ್ ಇಳಿಯುತ್ತದೆ. ಅಂದರೆ ಮಟ್ಟ ನಿಧಾನವಾಗಿ ಇಳಿದಿದ್ದರೆ ಅದು ಪ್ಯಾಡ್ ಸವೆದ ಸುದ್ದಿ. ಈಗ ತುಂಬಿಸಿದರೆ ನಾಳೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಉಕ್ಕಿ ಟ್ಯಾಂಕ್ ಮೇಲೆ ಬೀಳುತ್ತದೆ. ಬಿದ್ದ ಕಡೆ ಬಣ್ಣ ಎದ್ದುಬರುತ್ತದೆ. ಒಂದೆರಡು ದಿನದಲ್ಲೇ ಮಟ್ಟ ಇಳಿದಿದ್ದರೆ ಮಾತ್ರ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಅಂಥ ಗಾಡಿ ಓಡಿಸಬೇಡಿ.

ಆರ್ಗ್ಯಾನಿಕ್, ಸೆಮಿ ಮೆಟಾಲಿಕ್, ಸಿಂಟರ್ಡ್ ಅಂತಾರೆ. ನನಗೆ ಯಾವುದು?

ಹೆಸರಿಗೆ ಗಾಬರಿ ಬೇಡ. ಲೈನಿಂಗ್ ಯಾವುದರಿಂದ ಮಾಡಿದ್ದಾರೆ ಅನ್ನುವುದಷ್ಟೇ ವ್ಯತ್ಯಾಸ.

ಆರ್ಗ್ಯಾನಿಕ್ ಅಂದರೆ ನಾರು, ಪುಡಿಗಳನ್ನು ಅಂಟಿನಂಥ ರಾಳದಲ್ಲಿ ಕಲಸಿ, ಒತ್ತಿ, ಬೇಯಿಸಿದ್ದು. ಮೆತ್ತಗಿರುತ್ತದೆ. ತಣ್ಣಗಿದ್ದಾಗಲೂ ಲಿವರ್ ಮುಟ್ಟಿದ ಕೂಡಲೇ ಹಿಡಿಯುತ್ತದೆ, ಸದ್ದು ಕಡಿಮೆ, ಡಿಸ್ಕನ್ನು ತಿನ್ನುವುದಿಲ್ಲ. ಆದರೆ ಬೇಗ ಸವೆಯುತ್ತದೆ. ತುಂಬಾ ಬಿಸಿಯಾದರೆ ಹಿಡಿತ ಬಿಡುತ್ತದೆ. ನೂರು, ನೂರಿಪ್ಪತ್ತೈದು ಸಿಸಿ ಗಾಡಿಗಳಿಗೆ ಸಾಮಾನ್ಯವಾಗಿ ಇದೇ ಜಾತಿಯ ಪ್ಯಾಡ್ ಇರುತ್ತದೆ. ಆಫೀಸು, ಸಂತೆ, ಮಕ್ಕಳ ಶಾಲೆ ಅಂತ ಊರೊಳಗೆ ಓಡಿಸುವವರಿಗೆ ಇಷ್ಟು ಧಾರಾಳ ಸಾಕು.

ಸಿಂಟರ್ಡ್ ಅಂದರೆ ತಾಮ್ರದಂಥ ಲೋಹದ ಪುಡಿಯನ್ನು ಕಾಯಿಸಿ, ಒತ್ತಿ ಒಂದೇ ಗಟ್ಟಿ ಮಾಡಿದ್ದು. ಬಿಸಿ ತಡೆಯುತ್ತದೆ. ಡಿಸ್ಕ್ ನೆನೆದಿದ್ದರೂ ಚೆನ್ನಾಗಿ ಹಿಡಿಯುತ್ತದೆ. ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ಗಟ್ಟಿಯಾದ್ದರಿಂದ ಡಿಸ್ಕನ್ನು ಸವೆಸುತ್ತದೆ. ಅದಕ್ಕೆ ತಕ್ಕ ಡಿಸ್ಕ್ ಇದ್ದರೆ ಸರಿ. ಸಣ್ಣ ಗಾಡಿಯ ಮೆತ್ತನೆಯ ಡಿಸ್ಕಿಗೆ ಹಾಕಿದರೆ ಪ್ಯಾಡ್ ಉಳಿಯುತ್ತದೆ, ಡಿಸ್ಕ್ ಹೋಗುತ್ತದೆ. ಡಿಸ್ಕಿನ ಬೆಲೆ ಪ್ಯಾಡಿನ ಎಷ್ಟೋ ಪಟ್ಟು ಅನ್ನುವುದು ನೆನಪಿರಲಿ.

ಸೆಮಿ ಮೆಟಾಲಿಕ್ ಎರಡರ ನಡುವಿನದು. ರಾಳದ ಜೊತೆ ಲೋಹದ ಚೂರು ಬೆರೆಸಿರುತ್ತಾರೆ. ನೂರೈವತ್ತು, ಇನ್ನೂರು ಸಿಸಿ ಗಾಡಿ ಇಟ್ಟುಕೊಂಡು ವಾರಕ್ಕೆರಡು ಸಲ ಹಾವೇರಿಗೋ ಗದಗಿಗೋ ಹೋಗಿ ಬರುವವರಿಗೆ, ಹಿಂದೆ ಯಾವಾಗಲೂ ಒಬ್ಬರನ್ನು ಕೂರಿಸಿಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಗಾಡಿ ಕೊಂಡಾಗ ಕಂಪನಿಯವರು ಯಾವ ಜಾತಿಯ ಪ್ಯಾಡ್ ಕೊಟ್ಟಿದ್ದರೋ ಅದೇ ಮೊದಲ ಆಯ್ಕೆ. ಅದು ನಿಮಗೆ ಎಲ್ಲಿ ಸಾಲುತ್ತಿಲ್ಲ ಅಂತ ಬಾಯಿಬಿಟ್ಟು ಹೇಳಲು ಬಂದರೆ ಮಾತ್ರ ಬೇರೆ ಜಾತಿಗೆ ಹೋಗಿ. "ಗೆಳೆಯ ಹಾಕಿಸಿದಾನ" ಅನ್ನುವುದು ಕಾರಣವಲ್ಲ.

ಪ್ಯಾಡಿನ ಬೆನ್ನ ಮೇಲೆ ಜಿಜಿ, ಎಚ್‌ಎಚ್ ಅಂತ ಅಚ್ಚು ಹಾಕಿರುತ್ತಾರಲ್ಲ, ಅದೇನು?

ಹಿಡಿತದ ದರ್ಜೆ. ಮೊದಲ ಅಕ್ಷರ ಪ್ಯಾಡ್ ಸಾಧಾರಣ ಬಿಸಿಯಲ್ಲಿದ್ದಾಗಿನದು, ಎರಡನೆಯದು ಚೆನ್ನಾಗಿ ಕಾದಾಗಿನದು. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅಂದರೆ 0.55ಕ್ಕಿಂತ ಮೇಲೆ. ಎರಡು ಅಕ್ಷರವೂ ಒಂದೇ ಇದ್ದರೆ ಕಾದರೂ ಹಿಡಿತ ಅದೇ ದರ್ಜೆಯಲ್ಲಿ ಉಳಿಯುತ್ತದೆ ಅಂತ ಅರ್ಥ.

ಎಚ್‌ಎಚ್ ಯಾವಾಗಲೂ ಮೇಲು ಅಂತಲ್ಲ. ಹಗುರ ಗಾಡಿಯ ಮುಂದಿನ ಚಕ್ರಕ್ಕೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದೆ ಎಚ್‌ಎಚ್ ಹಾಕಿ, ಉಸುಕು ಬಿದ್ದ ತಿರುವಿನಲ್ಲಿ ರೂಢಿಯಂತೆ ಹಿಡಿದರೆ ಚಕ್ರ ಲಾಕ್ ಆಗಬಹುದು. ಹಳೇ ಪ್ಯಾಡಿನ ಬೆನ್ನು ಒರೆಸಿ ಅಲ್ಲಿರುವ ಅಕ್ಷರ ನೋಡಿ, ಅದೇ ದರ್ಜೆಯದನ್ನು ಕೇಳಿ.

ನನ್ನ ಗಾಡಿಗೆ ಯಾವುದು ಕೂಡುತ್ತದೆ ಅಂತ ಅಂಗಡಿಯಲ್ಲಿ ಹೇಗೆ ಹೇಳಲಿ?

ಹಳೇ ಪ್ಯಾಡ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಗಾಡಿಯ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ವರ್ಷ ಬದಲಾದಂತೆ ಕ್ಯಾಲಿಪರ್ ಬದಲಾಗಿರುತ್ತದೆ. ಎಬಿಎಸ್ ಇರುವುದಕ್ಕೆ ಒಂದು, ಇಲ್ಲದ್ದಕ್ಕೆ ಇನ್ನೊಂದು ಇರಬಹುದು. ಕೌಂಟರ್ ಮೇಲೆ ಹೊಸದನ್ನೂ ಹಳೆಯದನ್ನೂ ಬೆನ್ನಿಗೆ ಬೆನ್ನು ಹಚ್ಚಿ ಇಡಿ. ಪಿನ್ ತೂತು, ಕಿವಿ, ಪ್ಲೇಟಿನ ಅಂಚು ಮೂರೂ ತಾಳೆಯಾಗಬೇಕು. ಕೂದಲೆಳೆ ವ್ಯತ್ಯಾಸ ಇದ್ದರೂ "ಗ್ರೈಂಡರ್ ಹಿಡಿದರ ಕೂಡತೈತ್ರಿ" ಅಂದವರ ಮಾತು ಕೇಳಬೇಡಿ. ಬ್ರೇಕ್ ಪ್ಯಾಡನ್ನು ಉಜ್ಜಿ ಕೂಡಿಸುವುದು ಅಂತ ಇಲ್ಲ.

ಕ್ಯಾಲಿಪರ್ ಮೇಲೆ ಬರೆದಿರುವ ಹೆಸರನ್ನೂ ಫೋಟೋ ಹೊಡೆದುಕೊಂಡು ಹೋಗಿ. ಬೈಬ್ರೆ ಅಂತ ಇದ್ದರೆ ಅದು ಇಟಲಿಯ ಬ್ರೆಂಬೊ ಕಂಪನಿ ಸಣ್ಣ, ನಡುವಿನ ಗಾತ್ರದ ಗಾಡಿಗಳಿಗೆಂದೇ ಮಾಡಿದ ಬ್ರ್ಯಾಂಡ್.

ಒರಿಜಿನಲ್ ದುಬಾರಿ. ಲೋಕಲ್ ಹಾಕಿಸಿದರೆ ಏನಾಗುತ್ತೆ?

ಲೋಕಲ್ ಅಂದರೆ ಎರಡು ಬಗೆ. ಗಾಡಿ ಕಂಪನಿಯದಲ್ಲದಿದ್ದರೂ ಹೆಸರಾಂತ ಬ್ರೇಕ್ ಕಂಪನಿಗಳು ಮಾಡುವ ಪ್ಯಾಡ್ ಒಂದು ಬಗೆ. ಅವು ಚೆನ್ನಾಗಿರುತ್ತವೆ, ಧೈರ್ಯವಾಗಿ ಹಾಕಿಸಿ. ಇನ್ನೊಂದು ಬಗೆ, ದೊಡ್ಡ ಕಂಪನಿಯ ಡಬ್ಬಿಯನ್ನೇ ಹೋಲುವ ಡಬ್ಬಿಯಲ್ಲಿ ಬರುವ ಡುಪ್ಲಿಕೇಟ್. ಅದರ ಬಗ್ಗೆ ಕಂಡದ್ದನ್ನು ಹೇಳುತ್ತೇನೆ.

ಹಳ್ಳಿಯಿಂದ ಹಾಲು ತರುವ ಒಬ್ಬ ಕಾಕಾ ನನ್ನಲ್ಲಿಗೆ ಗಾಡಿ ತಳ್ಳಿಕೊಂಡು ಬಂದರು. ಎರಡೂ ಬದಿಗೆ ಕ್ಯಾನು. ಉಣಕಲ್ ಹತ್ತಿರ ಬ್ರೇಕ್ ಹಿಡಿದಾಗ 'ಟಕ್' ಅಂದಿತಂತೆ, ಆಮೇಲೆ ಲಿವರ್ ಹ್ಯಾಂಡಲಿಗೇ ತಾಗಿತಂತೆ. ಹಿಂದಿನ ಬ್ರೇಕ್ ತುಳಿದು, ಗೇರ್ ಇಳಿಸಿ, ಹೇಗೋ ಪಕ್ಕಕ್ಕೆ ನಿಲ್ಲಿಸಿದ್ದರು. ಕ್ಯಾಲಿಪರ್ ಬಿಚ್ಚಿದೆ. ಒಂದು ಪ್ಯಾಡಿನಲ್ಲಿ ಬರೀ ಪ್ಲೇಟ್ ಉಳಿದಿತ್ತು. ಲೈನಿಂಗ್ ಪೂರಾ ಕಳಚಿ ಬಿದ್ದಿತ್ತು. ಪ್ಲೇಟ್ ಮೇಲೆ ಅಂಟಿನ ಗುರುತು ಅಲ್ಲಲ್ಲಿ ಚುಕ್ಕಿ ಚುಕ್ಕಿ ಮಾತ್ರ. ಉಳಿದ ಕಡೆ ಕಬ್ಬಿಣ ಬರಿದಾಗಿ ಹೊಳೆಯುತ್ತಿತ್ತು. ಅಂಚಿನಲ್ಲಿ ಅಂಟಿನ ಕೆಳಗೇ ತುಕ್ಕು ಹಿಡಿದಿತ್ತು. ಅಂದರೆ ಪ್ಲೇಟನ್ನು ಸರಿಯಾಗಿ ಉಜ್ಜಿ ಸ್ವಚ್ಛ ಮಾಡದೆಯೇ ಅಂಟಿಸಿದ್ದರು. ಆ ಪ್ಯಾಡ್ ಹಾಕಿ ಇಪ್ಪತ್ತು ದಿನವೂ ಆಗಿರಲಿಲ್ಲ. ಆ ಪ್ಲೇಟನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. "ಸೋವಿದು ಹಾಕ್ರಿ" ಅಂದವರಿಗೆ ತೋರಿಸುತ್ತೇನೆ.

ಕಳಚದಿದ್ದರೂ ಹಿಡಿತ ಕಡಿಮೆ ಇದ್ದರೆ ಏನಾಗುತ್ತದೆ ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಒಳ್ಳೆ ಬ್ರೇಕಿನಲ್ಲಿ, ಒಣ ರಸ್ತೆಯಲ್ಲಿ ಸುಮಾರು 20 ಮೀಟರಿನಲ್ಲಿ ನಿಲ್ಲುವ ಗಾಡಿಯ ಬ್ರೇಕ್ ಬಲ ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ 30 ಮೀಟರ್ ಬೇಕು. ಆ ಹತ್ತು ಮೀಟರ್ ಅಂದರೆ ಐದು ಬೈಕ್ ಸಾಲಾಗಿ ನಿಂತಷ್ಟು ಜಾಗ. ಎದುರಿಗೆ ಮಗು ಓಡಿಬಂದಾಗ ಆ ಜಾಗ ಇರುವುದಿಲ್ಲ.

ಡುಪ್ಲಿಕೇಟ್ ಗುರುತಿಸಲು ಡಬ್ಬಿಗಿಂತ ಪ್ಯಾಡನ್ನೇ ನೋಡಿ. ಲೈನಿಂಗ್ ಅಂಚು ಉಗುರಿನಿಂದ ಕೆರೆದರೆ ಪುಡಿ ಉದುರಬಾರದು. ಪ್ಲೇಟಿಗೂ ಲೈನಿಂಗಿಗೂ ನಡುವೆ ಸಂದಿ ಇರಬಾರದು. ಪ್ಲೇಟ್ ಮೇಲೆ ಕಂಪನಿಯ ಗುರುತು, ಬ್ಯಾಚ್ ನಂಬರ್ ಅಚ್ಚಾಗಿರಬೇಕು. ಎರಡೂ ಪ್ಯಾಡಿನ ಬಣ್ಣ, ದಪ್ಪ ಒಂದೇ ಇರಬೇಕು. ಬಿಲ್ ಕೇಳಿ. ಬಿಲ್ ಕೊಡಲು ಹಿಂದೆ ಮುಂದೆ ನೋಡಿದರೆ ಪ್ಯಾಡ್ ಅಲ್ಲೇ ಬಿಟ್ಟು ಬನ್ನಿ.

ಒಂದೇ ಪ್ಯಾಡ್ ಸವೆದಿದೆ. ಅದೊಂದನ್ನೇ ಬದಲಿಸಬಹುದಾ?

ಬೇಡ. ಒಂದು ಕ್ಯಾಲಿಪರಿಗೆ ಯಾವಾಗಲೂ ಜೋಡಿ. ಮುಂದೆ ಎರಡು ಡಿಸ್ಕ್ ಇರುವ ದೊಡ್ಡ ಗಾಡಿಯಾದರೆ ಎರಡೂ ಕಡೆ ಒಟ್ಟಿಗೆ. ಮುಂದಿನದು ಸವೆದಿದೆ ಅಂತ ಹಿಂದಿನದನ್ನು ಬದಲಿಸಬೇಕಿಲ್ಲ.

ಒಂದು ಪ್ಯಾಡ್ ಮಾತ್ರ ಯಾಕೆ ಜಾಸ್ತಿ ಸವೆಯುತ್ತೆ?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಖುಷಿ. ಇದನ್ನು ಬಿಟ್ಟು ಬರೀ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಹೋಗುತ್ತದೆ.

ನಮ್ಮ ಬಹುಪಾಲು ಗಾಡಿಗಳಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತದೆ. ಅದು ಒಂದು ಪ್ಯಾಡನ್ನು ತಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಸರಿದು ಇನ್ನೊಂದು ಪ್ಯಾಡನ್ನೂ ಡಿಸ್ಕಿಗೆ ಒತ್ತುತ್ತದೆ. ಆ ಪಿನ್‌ಗಳ ಗ್ರೀಸ್ ಒಣಗಿದರೆ, ರಬ್ಬರ್ ಹರಿದು ಧೂಳು ಹೊಕ್ಕರೆ, ಕ್ಯಾಲಿಪರ್ ಸರಿಯುವುದಿಲ್ಲ. ಪಿಸ್ಟನ್ ಕಡೆಯ ಪ್ಯಾಡ್ ಒಂದೇ ದುಡಿದು ಸವೆಯುತ್ತದೆ. ಅಂಥ ಕ್ಯಾಲಿಪರಿನ ಪಿನ್ ತೆಗೆದರೆ ಎಷ್ಟೋ ಸಲ ಅದರ ಮೇಲೆ ಸಕ್ಕರೆ ಪಾಕ ಗಟ್ಟಿಯಾದ ಹಾಗೆ ಕಂದು ಬಣ್ಣದ ಪದರ ಕೂತಿರುತ್ತದೆ. ಅದನ್ನು ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ ಮತ್ತೆ ಹಾಕಿದರೆ ಕ್ಯಾಲಿಪರ್ ಎರಡು ಬೆರಳಲ್ಲಿ ಸರಿಯುತ್ತದೆ. ಮಾಮೂಲಿ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ.

ಹಳೇ ಪ್ಯಾಡ್ ಇನ್ನೂ ಕೆಲವು ಮಾತು ಹೇಳುತ್ತದೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಇದ್ದರೆ ಅದೂ ಪಿನ್ ಅಥವಾ ಪ್ಯಾಡ್ ಕೂರುವ ಕ್ಲಿಪ್ಪಿನ ತೊಂದರೆ. ಎರಡೂ ಪ್ಯಾಡ್ ಬೇಗ ಸವೆದು ಚಕ್ರ ಬಿಗಿಯಾಗಿದ್ದರೆ ಪಿಸ್ಟನ್ ವಾಪಸ್ ಹೋಗುತ್ತಿಲ್ಲ. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಪ್ಯಾಡ್ ಕಾದು ಗ್ಲೇಜ್ ಆಗಿದೆ. ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ. ಅಂಚು ಬಿರುಕು ಬಿಟ್ಟಿದ್ದರೆ ವಿಪರೀತ ಬಿಸಿ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ.

ಮಳೆಗಾಲಕ್ಕೆ ಬೇರೆ ಪ್ಯಾಡ್ ಬೇಕಾ? ನಮ್ಮದು ಎರಿ ಭೂಮಿ.

ಬೇರೆ ಪ್ಯಾಡ್ ಬೇಕಿಲ್ಲ, ಬೇರೆ ಕಾಳಜಿ ಬೇಕು. ನವಲಗುಂದ, ಅಣ್ಣಿಗೇರಿ, ನರಗುಂದ ಕಡೆಯ ಎರಿ ಮಣ್ಣು ಒಮ್ಮೆ ಹಸಿಯಾಯಿತೆಂದರೆ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೇ ತುಂಬಿಕೊಳ್ಳುತ್ತದೆ. ಅದು ಕ್ಯಾಲಿಪರಿನಲ್ಲೂ ಸೇರುತ್ತದೆ. ಒಣಗಿದ ಮೇಲೆ ಇಟ್ಟಿಗೆ. ಆ ಮಣ್ಣಿನ ಜೊತೆಗಿನ ಉಸುಕು, ಹರಳು ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿ ಡಿಸ್ಕ್ ಮೇಲೆ ಗೀರು ಎಳೆಯುತ್ತದೆ. ಹೊಲದಿಂದ ಬಂದ ಸಂಜೆಯೇ, ಮಣ್ಣು ಹಸಿ ಇರುವಾಗಲೇ, ಒಂದು ಕೊಡ ನೀರು ಕ್ಯಾಲಿಪರ್ ಮೇಲೆ ಸುರಿದು ಬಿಡಿ. ಪ್ರೆಷರ್ ಪೈಪನ್ನು ಹತ್ತಿರದಿಂದ ಹಿಡಿಯಬೇಡಿ, ರಬ್ಬರ್ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ.

ಮಿರಗದ ಮಳೆ ಹಿಡಿಯುವ ಮೊದಲು ಒಮ್ಮೆ ಪ್ಯಾಡ್ ಬಿಚ್ಚಿಸಿ, ಪಿನ್ ಸ್ವಚ್ಛ ಮಾಡಿಸಿ. ಜೂನ್ ಒಳಗೆ ಇಷ್ಟು ಮಾಡಿಸಿದರೆ ದೀಪಾವಳಿವರೆಗೆ ನಿಶ್ಚಿಂತೆ. ಮಳೆಯಲ್ಲಿ ಓಡಿಸುವಾಗ ಆಗಾಗ ಲಿವರನ್ನು ಮೆಲ್ಲಗೆ ಮುಟ್ಟುತ್ತಿರಿ. ಡಿಸ್ಕಿನ ನೀರು ಒರೆಸಿಹೋಗುತ್ತದೆ. ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ಸಲ ಕೆರೆದ ಸದ್ದು ಮಾಡಿದರೆ ಹೆದರಬೇಡಿ. ಡಿಸ್ಕ್ ಮೇಲಿನ ತೆಳು ತುಕ್ಕು ಅದು, ಎರಡು ಸಲ ಹಿಡಿದರೆ ಹೋಗುತ್ತದೆ.

ಗಾಡಿ ತೊಳೆಸಿದ ಮೇಲೆ ಬ್ರೇಕ್ ಹಿಡಿಯುತ್ತಿಲ್ಲ. ಪ್ಯಾಡ್ ಕೆಟ್ಟಿತಾ?

ತೊಳೆದ ಮೇಲೆ ಹೊಳಪಿಗೆ ಡೀಸೆಲ್ ಹೊಡೆದರಾ ಅಂತ ಮೊದಲು ಕೇಳಿ. ನಮ್ಮ ಕಡೆ ಅದೊಂದು ರೂಢಿ ಇದೆ. ಡೀಸೆಲ್ ಡಿಸ್ಕ್ ಮೇಲೆ ಕೂತರೆ ಬ್ರೇಕ್ ಜಾರುತ್ತದೆ. ಆರ್ಗ್ಯಾನಿಕ್ ಪ್ಯಾಡ್ ಅದನ್ನು ಹೀರಿಕೊಂಡುಬಿಡುತ್ತದೆ. ಹೀರಿಕೊಂಡ ಪ್ಯಾಡನ್ನು ಎಷ್ಟು ಉಜ್ಜಿದರೂ, ಸುಟ್ಟರೂ ಸರಿಯಾಗುವುದಿಲ್ಲ, ಬದಲಿಸಲೇಬೇಕು. ಡಿಸ್ಕನ್ನು ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಬಿಳಿ ಬಟ್ಟೆಗೆ ಕಪ್ಪು ಬಾರದ ತನಕ ಒರೆಸಿ. ಪೆಟ್ರೋಲಿನಿಂದ ಒರೆಸಬೇಡಿ, ಅದೂ ಜಿಡ್ಡು ಉಳಿಸುತ್ತದೆ.

ಚೈನ್ ಸ್ಪ್ರೇ ಹಾರಿದರೆ ಹಿಂದಿನ ಡಿಸ್ಕಿಗೂ ಇದೇ ಗತಿ. ಮುಂದಿನ ಫೋರ್ಕಿನ ಆಯಿಲ್ ಸೀಲ್ ಸೋರಿ ಕ್ಯಾಲಿಪರ್ ಮೇಲೆ ಇಳಿಯುವುದೂ ಉಂಟು. ಆಗ ಸೀಲ್ ಮೊದಲು, ಪ್ಯಾಡ್ ಆಮೇಲೆ.

ಅಂಕೋಲಾ, ಗೋಕರ್ಣಕ್ಕೆ ಹೋಗುತ್ತೇವೆ. ಘಾಟಿಗೆ ಯಾವ ಪ್ಯಾಡ್?

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಾಟಿ ಸಿಗುತ್ತದೆ. ಇಳಿಯುವಾಗ ಹಿಂದೆ ಒಬ್ಬರು, ಬ್ಯಾಗು, ಮುಂದೆ ಲಾರಿಗಳ ಸಾಲು. ಬ್ರೇಕ್ ಬಿಡುವ ಹಾಗೇ ಇಲ್ಲ. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಆಗಬಹುದು, ಕೈಗೆ ಸಿಗುವ ಗುರುತೂ ಬೇರೆ.

ಲಿವರ್ ಗಟ್ಟಿಯಾಗಿದೆ, ಆದರೆ ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್ ತನಕ ಬರುತ್ತಿದೆ ಅಂದರೆ ಆಯಿಲ್ ಕುದ್ದು ಗುಳ್ಳೆ ಎದ್ದಿದೆ. ಎರಡನೆಯದು ಪ್ಯಾಡಿನ ತಪ್ಪಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಅದೇ ಅಂಕ 155ಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರಾ ಬದಲಿಸಬೇಕು. ನಾಲ್ಕೈದು ವರ್ಷದ ಕಪ್ಪು ಆಯಿಲ್ ಇಟ್ಟುಕೊಂಡು ದುಬಾರಿ ಪ್ಯಾಡ್ ಹಾಕಿಸಿ ಘಾಟಿ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಇದೆಯೋ 4 ಇದೆಯೋ ನೋಡಿ ಅದನ್ನೇ ಹಾಕಿಸಿ. ಡಾಟ್ 5 ಸಿಲಿಕೋನಿನದು, ಇವುಗಳ ಜೊತೆ ಬೆರೆಸಲೇಬಾರದು.

ಘಾಟಿಗೆ ಸೆಮಿ ಮೆಟಾಲಿಕ್ ಒಳ್ಳೆಯದು, ಕಂಪನಿ ಒಪ್ಪಿದ ಗಾಡಿಗೆ ಸಿಂಟರ್ಡ್. ಜೊತೆಗೆ ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ. ಬ್ರೇಕನ್ನು ಹಿಡಿದೇ ಇರಬೇಡಿ. ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟುಬಿಡಿ, ಮತ್ತೆ ಹಿಡಿಯಿರಿ. ಬಿಟ್ಟಾಗ ಡಿಸ್ಕಿಗೆ ಗಾಳಿ ಸಿಗುತ್ತದೆ.

ಪ್ಯಾಡ್ ಜೊತೆ ಡಿಸ್ಕ್ ಕೂಡ ಬದಲಿಸಬೇಕಾ?

ಪ್ರತಿ ಸಲ ಬೇಕಿಲ್ಲ. ಡಿಸ್ಕ್ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ವರ್ನಿಯರ್ ಹಿಡಿದು ಅಳೆಯಲು ಹೇಳಿ. ಅಂಚಿನಲ್ಲಿ ದಿಬ್ಬ ಎದ್ದಿರುತ್ತದೆ, ಅದನ್ನು ಬಿಟ್ಟು ಪ್ಯಾಡ್ ಉಜ್ಜುವ ಜಾಗದಲ್ಲಿ ಅಳೆಯಬೇಕು. ಬ್ರೇಕ್ ಹಿಡಿದಾಗ ಲಿವರ್ ಮಿಡಿದ ಹಾಗೆ ಆಗುತ್ತಿದ್ದರೆ ಡಿಸ್ಕ್ ಬಾಗಿರಬಹುದು ಅಥವಾ ಅಲ್ಲಲ್ಲಿ ಹೆಚ್ಚು ಕಡಿಮೆ ಸವೆದಿರಬಹುದು. ಸಣ್ಣ ಗೀರುಗಳಿಗೆ ಚಿಂತೆ ಬೇಡ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಚಿಂತೆ ಮಾಡಿ.

ಮನೆಯಲ್ಲೇ ಹಾಕಿಕೊಳ್ಳಬಹುದಾ?

ಪಾನಾ ಹಿಡಿದ ಅಭ್ಯಾಸ ಇದ್ದರೆ ಹಾಕಿಕೊಳ್ಳಬಹುದು. ಕ್ಯಾಲಿಪರ್ ಇನ್ನೂ ಗಾಡಿಯ ಮೇಲಿರುವಾಗಲೇ ಪ್ಯಾಡ್ ಪಿನ್ ಸ್ವಲ್ಪ ಸಡಿಲಿಸಿ. ಆಮೇಲೆ ಕ್ಯಾಲಿಪರ್ ಬಿಚ್ಚಿ, ಪೈಪಿಗೆ ಜೋತುಬೀಳದ ಹಾಗೆ ದಾರದಿಂದ ಕಟ್ಟಿ. ಹಳೇ ಪ್ಯಾಡ್ ತೆಗೆದ ಮೇಲೆ ಲಿವರ್ ಒತ್ತಬೇಡಿ, ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಪಿಸ್ಟನ್ನಿನ ಸುತ್ತ ಕೂತ ಕೊಳೆಯನ್ನು ಹಳೇ ಹಲ್ಲಿನ ಬ್ರಷ್, ಸಾಬೂನು ನೀರಿನಿಂದ ತೊಳೆದು, ಒರೆಸಿ, ಆಮೇಲೆ ಒಳಕ್ಕೆ ಒತ್ತಿ. ಕೊಳೆ ಸಮೇತ ಒತ್ತಿದರೆ ಸೀಲ್ ಹರಿಯುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತುವಾಗ ಮೇಲಿನ ಡಬ್ಬಿ ಉಕ್ಕದಂತೆ ಒಬ್ಬರು ನೋಡುತ್ತಿರಲಿ. ಹೊಸ ಪ್ಯಾಡಿನ ಉಜ್ಜುವ ಮುಖಕ್ಕೆ ಗ್ರೀಸ್ ಕೈ ತಾಗಿಸಬೇಡಿ.

ಎಲ್ಲ ಬಿಗಿ ಮಾಡಿದ ಮೇಲೆ, ಗಾಡಿ ಒಂದು ಇಂಚೂ ಕದಲಿಸುವ ಮೊದಲು, ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ. ಮೊದಲ ಕೆಲವು ಸಲ ಲಿವರ್ ಗಾಳಿಯಲ್ಲಿ ಒತ್ತಿದ ಹಾಗೆ ಹ್ಯಾಂಡಲಿಗೆ ಬರುತ್ತದೆ, ಯಾಕಂದರೆ ಪಿಸ್ಟನ್ ದೂರ ಇರುತ್ತದೆ. ಗಟ್ಟಿಯಾದ ಮೇಲೇ ಗಾಡಿ ಹತ್ತಿ. ಇದನ್ನು ಮರೆತು ಹೊರಟವರು ಮೊದಲ ತಿರುವಿನಲ್ಲೇ ಬೀಳುತ್ತಾರೆ.

ಹೊಸ ಪ್ಯಾಡ್ ಹಾಕಿಸಿದೆ, ಮೊದಲಿಗಿಂತ ಕಡಿಮೆ ಹಿಡಿಯುತ್ತಿದೆ. ಮೋಸ ಆಯ್ತಾ?

ಮೋಸ ಅಲ್ಲ. ಹೊಸ ಪ್ಯಾಡ್ ಹಳೇ ಡಿಸ್ಕಿಗೆ ಇನ್ನೂ ಪೂರಾ ಕೂತಿಲ್ಲ. ಭಾನುವಾರ ಬೆಳಿಗ್ಗೆ ಗೋಕುಲ ರೋಡ್ ಕೈಗಾರಿಕಾ ಪ್ರದೇಶದ ಒಳರಸ್ತೆಯಂಥ ಖಾಲಿ ಜಾಗಕ್ಕೆ ಹೋಗಿ. ಐವತ್ತರ ವೇಗದಿಂದ ಹತ್ತಕ್ಕೆ ಇಳಿಸಿ, ಪೂರಾ ನಿಲ್ಲಿಸಬೇಡಿ. ಸ್ವಲ್ಪ ದೂರ ಬ್ರೇಕ್ ಹಿಡಿಯದೆ ಓಡಿಸಿ ತಣ್ಣಗಾಗಲು ಬಿಡಿ. ಹೀಗೆ ಹದಿನೈದು ಇಪ್ಪತ್ತು ಸಲ. ಆಮೇಲೂ ಮೊದಲ ಇನ್ನೂರು ಕಿಲೋಮೀಟರ್ ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಇಟ್ಟುಕೊಳ್ಳಿ.

ಕಿರ್ ಅಂತ ಸದ್ದು ಬರುತ್ತೆ.

ಕೀರಲು ಸದ್ದು ಬಹಳ ಸಲ ಪ್ಯಾಡ್ ನಡುಗುವುದರಿಂದ. ಕ್ಲಿಪ್ ಸಡಿಲ ಇರಬಹುದು, ಬೆನ್ನಿನ ತೆಳು ತಗಡನ್ನು ಹಾಕುವಾಗ ಬಿಟ್ಟಿರಬಹುದು, ಗ್ಲೇಜ್ ಆಗಿರಬಹುದು. ಗರಗಸ ಎಳೆದ ಹಾಗೆ 'ಗರ್' ಅಂದರೆ ಮಾತ್ರ ಕೂಡಲೇ ನಿಲ್ಲಿಸಿ. ಅದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು.

ಎಬಿಎಸ್ ಇದೆ. ಪ್ಯಾಡ್ ಹೇಗಿದ್ದರೂ ನಡೆಯುತ್ತಲ್ವಾ?

ಇಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ, ಅದಕ್ಕಿಂತ ಸಣ್ಣವಕ್ಕೆ ಸಿಬಿಎಸ್ ಆದರೂ ಇರಬೇಕು ಅಂತ ಆಗ ನಿಯಮ ಬಂತು. ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ. ಇಲ್ಲದ ಹಿಡಿತವನ್ನು ಅದು ತಂದುಕೊಡುವುದಿಲ್ಲ. ಸಿಬಿಎಸ್ ಗಾಡಿಯಲ್ಲಿ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹಾಗಾಗಿ ಮುಂದಿನ ಬ್ರೇಕ್ ಮುಟ್ಟದೇ ಓಡಿಸುತ್ತೇನೆ ಅನ್ನುವವರ ಪ್ಯಾಡೂ ಸವೆಯುತ್ತದೆ.

ಹಿಂದೆ ಡ್ರಮ್ ಬ್ರೇಕ್. ಅದಕ್ಕೆ?

ಅದಕ್ಕೆ ಪ್ಯಾಡ್ ಇಲ್ಲ, ಶೂ ಇರುತ್ತದೆ. ಪೆಡಲ್ ತುಳಿದಾಗ ಡ್ರಮ್ ಪಕ್ಕದ ಬಾಣದ ಗುರುತು ಕೊನೆಯ ಗೀಟಿಗೆ ಬಂದರೆ ಶೂ ಮುಗಿದಿದೆ. ಆಮೇಲೂ ನಟ್ ಬಿಗಿ ಮಾಡುತ್ತಾ ಹೋಗಬೇಡಿ.

ಪ್ಯಾಡಿನ ಧೂಳು ಊದಿದರೆ ಏನೂ ಆಗಲ್ವಾ?

ಬಾಯಲ್ಲೂ ಊದಬೇಡಿ, ಗಾಳಿ ಪೈಪಿನಿಂದಲೂ ಹೊಡೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಹಳೇ ಮಾಲಿನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕೊಳ್ಳುವಾಗ ಡಬ್ಬಿಯ ಮೇಲೆ 'ನಾನ್ ಅಸ್ಬೆಸ್ಟಾಸ್' ಅಂತ ಇರುವುದನ್ನೇ ತಗೊಳ್ಳಿ. ಗ್ಯಾರೇಜಿನ ಹುಡುಗರು ದಿನಾ ಇದರಲ್ಲೇ ಇರುತ್ತಾರೆ. ಊದಲು ಹೋದರೆ ನೀವಾದರೂ "ಬ್ಯಾಡೋ ತಮ್ಮಾ" ಅನ್ನಿ.

ಗ್ಯಾರೇಜಿನಲ್ಲಿ ಹಾಕಿಸಿದರೆ ಹೊರಡುವ ಮೊದಲು ಏನು ನೋಡಿಕೊಳ್ಳಲಿ?

ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಕೈಯಿಂದ ತಿರುಗಿಸಿ. ಸಣ್ಣ ಉಜ್ಜಿದ ಸದ್ದು ಇರಬಹುದು, ಆದರೆ ಸಲೀಸಾಗಿ ತಿರುಗಬೇಕು. ಲಿವರ್ ಒತ್ತಿ ಹಿಡಿದು ಹತ್ತರ ತನಕ ಎಣಿಸಿ. ಮೆಲ್ಲಗೆ ಒಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಗಾಳಿ ತೆಗೆಯಲು ಹೇಳಿ. ಕ್ಯಾಲಿಪರ್ ಬೋಲ್ಟ್ ಎರಡೂ ಬಿಗಿ ಇವೆಯಾ ಅಂತ ಕೇಳಿ, ನಿಮ್ಮ ಮುಂದೆಯೇ ಪಾನಾ ಹಾಕಿ ತೋರಿಸಲಿ. ಅಂಗಳದಲ್ಲೇ ನಿಧಾನ ಓಡಿಸಿ ಎರಡು ಸಲ ನಿಲ್ಲಿಸಿ ನೋಡಿ. ಹಳೇ ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಡಲು ಹೇಳಿ. ಕಾಗದದ ಮೇಲೆ ಆ ದಿನದ ತಾರೀಖು, ಮೀಟರಿನ ಕಿಲೋಮೀಟರ್ ಬರೆದು ಸೀಟಿನ ಕೆಳಗೋ ಮನೆಯಲ್ಲೋ ಇಟ್ಟುಕೊಳ್ಳಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಅದು ಬೇಕಾಗುತ್ತದೆ.